ಮಾವನವರ ಆಂಪ್ಲಿಫೈಯರಿಗೆ ನಾನು ಮಾಡಿದ ಉಪಕಾರ

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕೆಪಾಸಿಟರ್ ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ. ಉಪ್ಪಿಟ್ಟಿಗೆ ಹಾನಿಯಾಯಿತು.

ಘಟನೆಯ ಹಿನ್ನೆಲೆ ಇಷ್ಟು. ನನ್ನ ಮಾವ ವೀರಭದ್ರಪ್ಪನವರು ಗದ್ವಾಲದಲ್ಲಿ ಕೈಮಗ್ಗದ ಸೀರೆ ನೇಯುತ್ತಾರೆ. ಮಗ್ಗದ ಪಕ್ಕದಲ್ಲಿ ಅವರಷ್ಟೇ ಗಂಭೀರವಾದ ಒಂದು ಹಳೆಯ ಆಂಪ್ಲಿಫೈಯರ್ ಕೂತಿದೆ. ಅದು ಹಾಡಿದರೆ ಮಗ್ಗದ ತುಳಿಹಲಗೆಯ ಮೇಲೆ ಮಾವನವರ ಕಾಲು ಆಡುತ್ತದೆ, ಇಲ್ಲದಿದ್ದರೆ ಇಲ್ಲ. ಮೊಬೈಲಿನ ಹಾಡು ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲ. ಆಗ ಮಗ್ಗದ ಮೇಲಿದ್ದದ್ದು ಅವರ ಕಿರಿಯ ಮಗಳ ಮದುವೆ ಸೀರೆ. ಅಂಥ ಹೊತ್ತಿನಲ್ಲಿ ಆಂಪ್ಲಿಫೈಯರ್ ಹಾಡಿನ ಜೊತೆ ಗುಂಯ್ ಎನ್ನತೊಡಗಿತು.

ಮೂರು ವಿಡಿಯೊ ನೋಡಿದ್ದ ನಾನು ರೋಗ ಗುರುತಿಸಿದೆ. ಒಳಗಿನ ಕೆಪಾಸಿಟರುಗಳು ವಯಸ್ಸಾಗಿ ಒಣಗಿವೆ, ಎರಡು ದಿನದಲ್ಲಿ ಹೊಸವು ಹಾಕಿ ತರುತ್ತೇನೆ ಎಂದೆ.

"ಗುಂಯ್ ಅಂದ್ರೂ ಹಾಡತೈತಲ್ಲ, ಬಿಡ್ರೀ ಅಳಿಯಾರ" ಎಂದರು ಮಾವ. ಈ ಹೇಳಿಕೆಗೆ ನಾನು ತಕ್ಕ ಮಹತ್ವ ಕೊಡಲಿಲ್ಲ.

ಗದ್ವಾಲದಿಂದ ಮಕ್ತಲ್ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಕಾಲು ಜೋಮು ಹಿಡಿಯಿತು, ಹುರುಪು ಇಳಿಯಲಿಲ್ಲ! ಮನೆಗೆ ಬಂದವನೇ ಪ್ಲಗ್ ಹಾಕಿ ಒಮ್ಮೆ ಗುಂಯ್ ಕೇಳಿ, ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿದೆ. ಸಾಲುಸಾಲು ಪುಟ್ಟ ಡಬ್ಬಿಗಳು. ಎರಡರ ತಲೆ ಉಬ್ಬಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಮುಟ್ಟಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ ಎಂಬ ಮಾಹಿತಿ ನನಗೆ ನೇರ ಮೂಲದಿಂದಲೇ ದೊರೆಯಿತು.

ಮೀಟರ್ ಹಚ್ಚಿ ಒಂದೊಂದನ್ನೇ ಪರೀಕ್ಷಿಸಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ! ಇಪ್ಪತ್ಮೂರನ್ನೂ ಕಿತ್ತು ಸ್ಟೀಲ್ ತಟ್ಟೆಗೆ ಹಾಕಿದೆ. ಯಾವುದು ಎಲ್ಲಿತ್ತು ಎಂಬುದಕ್ಕೆ ಮೊದಲೇ ಹದಿನಾಲ್ಕು ಫೋಟೊ ತೆಗೆದಿದ್ದೆ. ತೆರೆದು ನೋಡಿದರೆ ಹದಿನಾಲ್ಕರಲ್ಲೂ ನನ್ನ ಹೆಬ್ಬೆರಳು ಸ್ಪಷ್ಟವಾಗಿತ್ತು.

ಡಬ್ಬಿಗಳ ತಂತಿಕಾಲುಗಳ ಅಂತರ ನೋಡಿ ಅಂದಾಜಿನಲ್ಲಿ ಹೊಸವನ್ನು ಕೂರಿಸಿದೆ. ಉಳಿದದ್ದು ಒಂದೇ ಅನುಮಾನ: ಒಳಗಿನ ಬೋರ್ಡಿನ ಧೂಳಿನಲ್ಲಿ ಪ್ಲಸ್ ಗುರುತು ಮಸುಕಾಗಿ ಕಾಣುತ್ತಿತ್ತು, ಆದರೆ ಡಬ್ಬಿಯ ಮೇಲಿನ ಪಟ್ಟೆ ಪ್ಲಸ್ಸೋ ಮೈನಸ್ಸೋ? ಹದಿನೈದು ವರ್ಷ ಪತ್ರಿಕೆಯಲ್ಲಿ ದುಡಿದವನು ನಾನು, ಎರಡು ಮೂಲಗಳಿಂದ ಖಚಿತವಾಗದೆ ಒಂದು ಸಾಲೂ ಬರೆದವನಲ್ಲ. ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಪ್ಲಸ್ ಎಂದರು. ಮೂಲೆಯ ಮೋಟಾರ್ ವೈಂಡಿಂಗ್ ಅಂಗಡಿಯವನೂ ಪ್ಲಸ್ ಎಂದ. ಬೆಸುಗೆ ಹಾಕಿ, ಸ್ವಿಚ್ ಒತ್ತಿದೆ.

ಢಮ್!

ಕಾಗದದ ಚೂರು, ಬೆಳ್ಳಿ ಬಣ್ಣದ ತಗಡಿನ ಚೂರು, ಹೊಗೆ. ಪಟ್ಟೆ ಮೈನಸ್. ಅಂಗಡಿಯವನಿಗೆ ಆ ಮಾಹಿತಿ ಕೊಟ್ಟವರೇ ಲೈನ್‌ಮನ್ ಎಂಬುದು ಆಮೇಲಿನ ತನಿಖೆಯಲ್ಲಿ ಬಯಲಾಯಿತು.

ನನ್ನ ಹೆಂಡತಿ ಗಿರಿಜಾ ಉಪ್ಪಿಟ್ಟಿನಿಂದ ತಗಡಿನ ಚೂರು ಆರಿಸುತ್ತ ತಟ್ಟೆ ಕಡೆ ನೋಡಿದಳು. ನೇಕಾರರ ಮನೆಯ ಮಗಳು.

"ಎಲ್ಲಾ ಒಮ್ಮಿಗೇ ಕಿತ್ತೀರೇನ್ರೀ? ನಮ್ಮಪ್ಪ ಮಗ್ಗಕ್ಕ ಹೊಸ ಹಾಸಿನ ಎಳಿ ಏರಸಾಕ ಹಳೇದು ಕಿತ್ತಾಕತಾನೇನು? ಹಳೇ ಎಳಿ ತುದಿಗೆ ಹೊಸ ಎಳಿ ಒಂದೊಂದ ಹೊಸೀತಾನ. ಸಾವಿರಾರು ಎಳಿ ಇರತಾವ, ಒಂದೂ ತಪ್ಪಂಗಿಲ್ಲ. ನಿಮಗ ಇಪ್ಪತ್ಮೂರು ತಾಳಲಿಲ್ಲ."

ಸ್ಥಳದಲ್ಲಿದ್ದ ನಾನು ಪೊರಕೆ ತಂದು ಚೂರು ಗುಡಿಸಿದೆ.

ಮರುದಿನ ಇಬ್ಬರೂ ಅದನ್ನು ಮಕ್ತಲ್‌ನ ಒಬ್ಬ ಹಳೆಯ ರೇಡಿಯೊ ಮೆಕ್ಯಾನಿಕ್ ಹತ್ತಿರ ಒಯ್ದೆವು. ಅವನು ಮೊದಲು ಒಂದು ಬಟ್ಟೆ ತಗೊಂಡು ಬೋರ್ಡಿನ ಧೂಳು ಒರೆಸಿದ. ಪ್ರತಿ ತೂತಿನ ಪಕ್ಕದಲ್ಲೂ ಅಲ್ಲಿ ಕೂರಬೇಕಾದ ಕೆಪಾಸಿಟರಿನ ಅಳತೆ ಅಚ್ಚಾಗಿತ್ತು. ಆಮೇಲೆ ತಟ್ಟೆಯ ಹಳೆಯವನ್ನು ಒಂದೊಂದಾಗಿ ಮೀಟರಿಗೆ ಹಚ್ಚಿದ.

"ತಲಿ ಉಬ್ಬಿದ್ದು ಎರಡ ಕೆಟ್ಟಿದ್ದು. ಉಳಿದಿದ್ದು ಚೊಲೋ ಅದಾವ. ಯಾರ್ರೀ ಕಿತ್ತವರು?"

ಗಿರಿಜಾ ನನ್ನ ಹೆಸರು ಹೇಳಲಿಲ್ಲ. ಬರೀ ತಿರುಗಿ ನೋಡಿದಳು.

ಎರಡು ದಿನದ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಗದ್ವಾಲದಲ್ಲಿ ಮಗ್ಗ ನಿಂತಿತ್ತು. ಆಂಪ್ಲಿಫೈಯರನ್ನು ಗಿರಿಜಾಳೇ ತವರಿಗೆ ಮುಟ್ಟಿಸಿ ಬಂದಳು.

ಮೊನ್ನೆ ಗದ್ವಾಲಕ್ಕೆ ಹೋಗಿದ್ದೆ. ಹಾಡು ಬೀದಿಗೇ ಕೇಳುತ್ತಿತ್ತು. ಗುಂಯ್ ಇರಲಿಲ್ಲ. ನಾನು ಹೊಸ್ತಿಲು ದಾಟುತ್ತಲೇ ಮಾವ ಮಗ್ಗದಿಂದ ಎದ್ದರು. ಪ್ಲಗ್ ಕಿತ್ತರು. ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಎತ್ತಿ ಒಳಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದು, "ಬರ್ರೀ ಅಳಿಯಾರ, ಆರಾಮಿದ್ದೀರಿ?" ಎಂದರು. ಚಹಾ ಆಯಿತು, ಊಟ ಆಯಿತು. ಮಗ್ಗ ಆಡಲಿಲ್ಲ. ಮದುವಣಗಿತ್ತಿ ಎರಡು ಸಲ ಬಂದು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ಹೋದಳು.

ನಾಲ್ಕು ಗಂಟೆಗೆ ಹೊರಟೆ. ಬೀದಿ ತಿರುಗುವಷ್ಟರಲ್ಲಿ ಹಿಂದಿನಿಂದ ಹಾಡು ಕೇಳಿತು, ಅದರ ಬೆನ್ನಿಗೇ ಮಗ್ಗ.