ನಮ್ಮ ಅಡುಗೆಮನೆ ಪರರ ಪಾಲಾದ ಭಾನುವಾರ

ದಿನವಿಡೀ ಕಂಡವರಿಗೆಲ್ಲ ‘ನಗಿ, ಸ್ವಲ್ಪ ನಗಿ’ ಎಂದು ಹೇಳುವುದೇ ಕೆಲಸವಾದವರಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೂ ಬರಲಾರದು ಎಂಬುದು ನನ್ನ ಅನುಭವ. ನಾನು ಕುಟುಂಬಗಳ ಫೋಟೊ ತೆಗೆಯುವವಳು. ಮದುವೆ, ಮುಂಜಿವೆ ನನ್ನ ಪಾಲಿನದಲ್ಲ. ಮಂಟಪದ ಹೊಗೆ, ತಲೆಯ ಮೇಲೆ ಗುಂಯ್ ಎನ್ನುವ ಡ್ರೋನು, ಅವೆಲ್ಲ ನನ್ನಿಂದಾಗದು. ಜನರ ಮನೆಗೇ ಹೋಗಿ, ಅವರು ಮಕ್ಕಳೊಂದಿಗೆ ಆಡುವುದು, ಅಡುಗೆ ಮಾಡುವುದು, ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು, ಇಂಥವನ್ನು ಮೂಲೆಯಲ್ಲಿ ಕೂತು ತೆಗೆಯುತ್ತೇನೆ. ‘ನಾನು ಇಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ’ ಎಂದು ಮೊದಲೇ ಹೇಳಿರುತ್ತೇನೆ. ಅವರು ಹಾಗೆ ಅಂದುಕೊಳ್ಳುವುದಿಲ್ಲ. ಅಪ್ಪನಾದವನು ಮಗಳನ್ನು ಭುಜದ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಮೀಟಿಂಗ್ ಮುಗಿಸುತ್ತಿರುತ್ತಾನೆ. ಅಮ್ಮನಾದವಳು ಹಲ್ಲು ಕಚ್ಚಿಕೊಂಡೇ ಮಗನಿಗೆ ‘ನಗ್ತೀಯೋ ಇಲ್ವೋ’ ಎಂದು ಗದರುತ್ತಿರುತ್ತಾಳೆ. ಇಷ್ಟನ್ನೂ ನಗುನಗುತ್ತ ಸಹಿಸಿಕೊಂಡು ಸಂಜೆ ಮೆಹದಿಪಟ್ಟಣಂನ ನಮ್ಮ ಮನೆ ಸೇರುವಷ್ಟರಲ್ಲಿ ನನ್ನ ಪಾಲಿನ ನಗೆಯೆಲ್ಲ ಹೈದರಾಬಾದಿನ ಬೇರೆ ಬೇರೆ ಬಡಾವಣೆಗಳಲ್ಲಿ ಖರ್ಚಾಗಿ ಹೋಗಿರುತ್ತದೆ. ಮನೆಯವರಿಗೆ ಉಳಿಯುವುದು ಬರಿಯ ಸಿಟ್ಟು. ‘ಆ ಕ್ಯಾಮೆರಾಕ್ಕ ದಿನಾ ಚಾರ್ಜ್ ಹಾಕ್ತಿ, ನಿನಗ ಯಾರು ಹಾಕಬೇಕು?’ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. ಅದಕ್ಕೂ ಸಿಟ್ಟು ಬಂತು.

ನನ್ನ ಸಿಟ್ಟಿನ ದೊಡ್ಡ ದೋಷವೆಂದರೆ ಅದು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಎದುರಿನವರು ಮಾತಾಡುತ್ತಿರುವಾಗ ‘ಹೌದ್ರಿ, ಆಯ್ತ್ರಿ, ಅದಕ್ಕೇನಂತ್ರಿ’ ಎಂದು ಬೆಣ್ಣೆಯಂತೆ ಕರಗುತ್ತಿರುತ್ತೇನೆ. ಫೋನು ಕೆಳಗಿಟ್ಟ ಮೇಲೆ ಅದು ಬುಸುಗುಟ್ಟುತ್ತ ಏಳುತ್ತದೆ. ಆಗ ಎದುರಿಗೆ ಇರುವವರು ಯಾರು? ಗಂಡ, ಮಗಳು, ಕುಕ್ಕರು. ಹೀಗಾಗಿ ಕೊಂಡಾಪುರದವರ ಮೇಲೆ ಬಂದ ಸಿಟ್ಟು, ಗಚ್ಚಿಬೌಲಿಯವರ ಮೇಲೆ ಬಂದ ಸಿಟ್ಟು, ಎಲ್ಲವೂ ಮೆಹದಿಪಟ್ಟಣಂನಲ್ಲೇ ಬಟವಾಡೆಯಾಗುತ್ತದೆ.

ಈಗ ಹೇಳಹೊರಟಿರುವ ಸಿಟ್ಟು ಮೊನ್ನೆ ಮೊನ್ನೆಯದು, ಇನ್ನೂ ಆರಿಲ್ಲ. ರಾಯಚೂರಿನ ಕಡೆಯ ನಮ್ಮೂರಿನಿಂದ ಅತ್ತೆ ಬಂದಿದ್ದರು. ಅವರು ಬಂದರೆಂದರೆ ಜೋಳದ ಹಿಟ್ಟಿನ ದೊಡ್ಡ ಡಬ್ಬಿಯೂ ಬಂತೆಂದೇ ಅರ್ಥ. ಹೈದರಾಬಾದಿನಲ್ಲಿ ಜೋಳದ ಹಿಟ್ಟಿಗೇನು ಬರವಿಲ್ಲ, ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ. ಆದರೆ ಅತ್ತೆಗೆ ತಮ್ಮ ಕಣ್ಣೆದುರು ಬೀಸಿದ ಹಿಟ್ಟೇ ಆಗಬೇಕು. ರೈತು ಬಜಾರಿನ ಗೋಂಗೂರವನ್ನು ಮಾತ್ರ ಅವರು ಒಪ್ಪಿಕೊಂಡಿದ್ದಾರೆ, ಅದೂ ‘ಇದು ನಮ್ಮ ಪುಂಡಿಪಲ್ಯನೇ, ಹೆಸರಷ್ಟ ಬದಲಿ ಮಾಡ್ಯಾರ’ ಎಂಬ ಅನುಮಾನದೊಂದಿಗೆ. ನಮ್ಮ ಮಗಳು ಶ್ರಾವಣಿಗೆ ಎಂಟು ವರ್ಷ. ಅಜ್ಜಿ ಕೈಗೆ ಹಿಟ್ಟು ಹಚ್ಚಿಕೊಂಡು ಪಟಪಟ ರೊಟ್ಟಿ ಬಡಿಯುವುದನ್ನು ನೋಡಿ ಅವಳಿಗೆ ತಾನೂ ಬಡಿಯಬೇಕೆಂಬ ಹುಚ್ಚು ಹತ್ತಿತ್ತು. ಹಿಂದಿನ ಭಾನುವಾರಗಳಂದು ನನಗೆ ಕೆಲಸವಿತ್ತು, ಅಜ್ಜಿಗೆ ಮೊಣಕಾಲು ನೋವಿತ್ತು. ಕೊನೆಗೆ ಅಜ್ಜಿಯೇ ಘೋಷಿಸಿದರು: ‘ಸೋಮವಾರ ಮುಂಜಾನಿ ನಾ ಊರಿಗೆ ಹೋಗ್ತೀನಿ. ಐತವಾರ ನಿನಗ ರೊಟ್ಟಿ ಕಲಿಸೇ ಹೋಗಾಕಿ. ನಿಮ್ಮವ್ವನ್ನ ನಂಬಿಕೊಂಡ್ರ ನೀ ಬ್ರೆಡ್ ತಿಂದ ದೊಡ್ಡಾಕಿ ಆಗ್ತಿ.’ ಈ ಮಾತಿಗೆ ನಾನು ಸಿಟ್ಟಾಗುವ ಹಾಗಿರಲಿಲ್ಲ. ರೊಟ್ಟಿಯ ಫೋಟೊವನ್ನು ನಾನು ಚೆನ್ನಾಗಿ ತೆಗೆಯುತ್ತೇನೆ, ರೊಟ್ಟಿ ಬಡಿಯಲು ಬರುವುದಿಲ್ಲ. ನಾನು ಬಡಿದದ್ದು ಹಂಚಿಗೆ ಹೋಗುವ ಮೊದಲೇ ಮೂರು ಜಿಲ್ಲೆಗಳಾಗಿ ಒಡೆದಿರುತ್ತದೆ.

ಶನಿವಾರ ಸಂಜೆ ಮೇಘನಾ ಫೋನ್ ಮಾಡಿದಳು. ಮೈಸೂರಿನ ಹುಡುಗಿ, ಗಂಡ ಹೆಂಡತಿ ಇಬ್ಬರಿಗೂ ಐಟಿ ಕೆಲಸ, ಕೊಂಡಾಪುರದಲ್ಲಿ ಎತ್ತರದ ಅಪಾರ್ಟ್‌ಮೆಂಟು, ವಿಹಾನ್ ಎಂಬ ಐದು ವರ್ಷದ ಮಗ. ಮುಂದಿನ ವಾರ ಅವರ ಮನೆಯಲ್ಲಿ ತಾಯಿ ಮಗ ಅಡುಗೆ ಮಾಡುವ ಫೋಟೊ ತೆಗೆಯುವುದೆಂದು ಮಾತಾಗಿತ್ತು. ‘ಮೇಡಂ, ನಮ್ಮ ಕಿಚನ್ ತುಂಬಾ ವೈಟು. ಫೋಟೊದಲ್ಲಿ ಹಲ್ಲಿನ ಡಾಕ್ಟರ್ ಕ್ಲಿನಿಕ್ ಥರ ಕಾಣುತ್ತೆ’ ಎಂದಳು. ‘ನಿಮ್ಮ ಸ್ಟೇಟಸ್‌ನಲ್ಲಿ ನಿಮ್ಮ ಅತ್ತೆ ರೊಟ್ಟಿ ಮಾಡ್ತಿರೋದನ್ನ ನೋಡ್ದೆ. ಆ ಕಿಟಕಿ, ಆ ಪಾತ್ರೆಗಳು, ಎಷ್ಟು ರಿಯಲ್ ಆಗಿದೆ! ನಾಳೆ ನಾನು, ವಿಹಾನ್ ನಿಮ್ಮನೆಗೇ ಬಂದ್ಬಿಡ್ಲಾ? ಆಮೇಲೆ ನಂಗೆ ರಜಾನೇ ಸಿಗಲ್ಲ.’ ನಮ್ಮ ಬಾಡಿಗೆ ಮನೆಯ ಅಡುಗೆಮನೆಯನ್ನು, ಅಲ್ಲಿನ ಎಣ್ಣೆಜಿಡ್ಡಿನ ಗೋಡೆಯನ್ನು ಇದುವರೆಗೆ ಯಾರೂ ಹೊಗಳಿರಲಿಲ್ಲ. ನಾನು ಉಬ್ಬಿಹೋದೆ. ‘ಬರ್ರಿ, ಅದಕ್ಕೇನಂತ್ರಿ’ ಎಂದೆ. ಫೋನು ಇಟ್ಟೆ. ಇಟ್ಟ ಮೇಲೆ ಪದ್ಧತಿಯಂತೆ ಸಿಟ್ಟು ಬಂತು. ಜನರಿಗೆ ತಮ್ಮ ಮನೆಯನ್ನು ಮನೆಯ ಹಾಗೆ ಇಟ್ಟುಕೊಳ್ಳಲು ಏನು ಧಾಡಿ? ಇವರ ಕೂಸಿಗೆ ಹಿಟ್ಟು ಮೆತ್ತಲು ನನ್ನ ಮನೆಯೇ ಬೇಕೆ? ಯಜಮಾನರು ಸೋಫಾದಲ್ಲಿ ಮಲಗಿದ್ದಲ್ಲಿಂದಲೇ ‘ಬರ್ಲಿ ಬಿಡು, ಬಂದು ಹೋಗ್ತಾರ’ ಎಂದರು. ವಾರವಿಡೀ ಊರಿನ ಇನ್ನೊಂದು ತುದಿಯ ಉಪ್ಪಲ್‌ವರೆಗೆ ಕೆಲಸಕ್ಕೆ ಹೋಗಿ ಬರುವ ಆ ಮನುಷ್ಯನಿಗೆ ಭಾನುವಾರ ಸೋಫಾ ಒಂದು ತಪ್ಪದಿದ್ದರೆ ಆಯಿತು, ಅಡುಗೆಮನೆ ಯಾರ ಪಾಲಾದರೇನು! ಶ್ರಾವಣಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ನಾಳೆ ನಂದು ಅಂದಿದ್ರಿ ಎಲ್ಲಾರೂ.’ ‘ನಿಂದ ಐತಿ. ಅವರು ಹೋದ ಕೂಡ್ಲೆ ನೀನ’ ಎಂದು ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ತಾಯಿ ಮಗ ಒಂದೇ ಹಳದಿ ಬಣ್ಣದ ಹತ್ತಿ ಬಟ್ಟೆ ತೊಟ್ಟು ಬಂದಿಳಿದರು. ಜತೆಗೆ ಹೊಚ್ಚ ಹೊಸ ಲಟ್ಟಣಿಗೆ. ‘ಇದ್ಯಾಕ ತಂದೀಯವಾ? ಜೋಳದ ರೊಟ್ಟಿ ಲಟ್ಟಸಂಗಿಲ್ಲ, ಬಡೀತಾರ’ ಎಂದು ಅತ್ತೆ ನಕ್ಕರು. ಅವರು ನಕ್ಕದ್ದೇ ನನಗೆ ಆಶ್ಚರ್ಯ. ಪರರು ಅಡುಗೆಮನೆಗೆ ಕಾಲಿಟ್ಟರೆ ಸಿಡಿಯುವ ಹೆಂಗಸು, ನನ್ನ ಪರವಾಗಿ ನಾಲ್ಕು ಮಾತು ಬಿರುಸಾಗಿ ಆಡುತ್ತಾರೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಮೇಘನಾಳ ಪಕ್ಷ ಸೇರಿಬಿಟ್ಟರು. ಕುದಿವ ಎಸರು ಸುರಿದು ಹಿಟ್ಟು ನಾದಿದರು, ಅವಳ ಕೈ ಹಿಡಿದು ತಿರುಗಿಸಿದರು. ‘ಹಾಂ, ಹಂಗ! ಕೈ ಸಡಿಲ ಬಿಡವಾ. ಭೇಷ್!’ ಮೇಘನಾಳ ರೊಟ್ಟಿ ನನ್ನದಕ್ಕಿಂತ ಹೀನವಾಗಿ ಹರಿದರೂ ‘ಮೊದಲ ಸಲಕ್ಕ ಭಾಳ ಛಲೋ ಆತು’ ಎಂದರು. ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ರೊಟ್ಟಿಗೆ ಒಂದು ಸಲವೂ ‘ಭೇಷ್’ ಸಿಕ್ಕಿಲ್ಲ. ಕ್ಯಾಮೆರಾದ ಹಿಂದೆ ನಾನು ಕುದಿಯುತ್ತಿದ್ದೆ. ಕುದಿಯುತ್ತಲೇ ‘ನಗ್ರಿ, ಹಂಗೇ ನಗ್ರಿ’ ಎನ್ನುತ್ತಿದ್ದೆ.

ಅಷ್ಟರಲ್ಲಿ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೆ ಬಿತ್ತು. ನನ್ನ ಕಸುಬಿನವರಿಗೆ ಅಂಥ ಬಿಸಿಲು ಕಂಡರೆ ಮೈಮೇಲೆ ಎಚ್ಚರ ಇರುವುದಿಲ್ಲ. ವಿಹಾನ್‌ನ ಕೈಗೆ ಒಂದು ಮುಷ್ಟಿ ಹಿಟ್ಟು ಹಾಕಿ ಚಪ್ಪಾಳೆ ತಟ್ಟು ಎಂದೆ. ಹಿಟ್ಟು ಬಿಸಿಲಲ್ಲಿ ಹೊಗೆಯಂತೆ ಎದ್ದಿತು, ಅವನು ಕಿಲಕಿಲ ನಕ್ಕ, ಮೇಘನಾ ಅವನತ್ತ ತಿರುಗಿ ನಕ್ಕಳು. ಎಂಥ ಚಿತ್ರ! ಆದರೆ ಅವಳ ಕೂದಲು ಮುಖದ ಮೇಲೆ ಬಂದಿತ್ತು. ‘ಇನ್ನೊಂದು ಸಲ’ ಎಂದೆ. ಮತ್ತೊಂದು ಮುಷ್ಟಿ. ಅವನು ಕಣ್ಣು ಮುಚ್ಚಿದ. ಇನ್ನೊಂದು ಮುಷ್ಟಿ. ಅತ್ತೆ ಒಮ್ಮೆ ತಳ ಕಾಣುತ್ತಿದ್ದ ಡಬ್ಬಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು.

ಇಷ್ಟು ಹೊತ್ತೂ ಶ್ರಾವಣಿ ತನ್ನ ಹಸಿರು ಫ್ರಾಕು ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈ ತೊಳೆದುಕೊಂಡು, ಯಾವುದಕ್ಕೂ ತಾಗದಂತೆ ಮುಂದೆ ಚಾಚಿಕೊಂಡು ನಿಂತಿದ್ದಳು. ತನ್ನ ಸರದಿ ಬಂದ ಕೂಡಲೇ ಹಿಟ್ಟಿಗೆ ಕೈ ಹಾಕಬೇಕಲ್ಲ. ಮೇಘನಾ ‘ಮೇಡಂ, ಕ್ರಾಫ್ಟ್ ಮಾಡ್ತಿರೋ ಥರಾನೂ ಒಂದೆರಡು ಇರ್ಲಿ’ ಎಂದಾಗ ನಾನು ಗೋಡೆಯ ಮೇಲಿದ್ದ ತೋರಣ ಬಿಚ್ಚಿ ವಿಹಾನ್‌ನ ಕೈಗೆ ಕೊಟ್ಟೆ. ಹಳೆಯ ಬಳೆಗಳಿಗೆ ಉಲ್ಲನ್ ಸುತ್ತಿ ಶ್ರಾವಣಿ ರಜೆಯೆಲ್ಲ ಕೂತು ಮಾಡಿದ ತೋರಣ ಅದು. ‘ಅದು ನಂದು! ಅದನ್ನ ಅವಗ್ಯಾಕ ಕೊಟ್ಟಿ? ಅವ ಮಾಡ್ಯಾನೇನು?’ ಎಂದು ಅವಳು ಕಿರುಚಿದಳು. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ‘ಶ್! ಆಕಡೆ ಸರಿ, ಫೋಟೊದಾಗ ಬರ್ತಿ’ ಎಂದೆ. ಅವಳು ಸರಿಯಲಿಲ್ಲ. ಅವಳ ಹಟ ಯಾರಿಂದ ಬಂತೆಂದು ಮನೆಯವರೆಲ್ಲರಿಗೂ ಗೊತ್ತು.

ಮಧ್ಯಾಹ್ನ ‘ತುಂಬಾ ನ್ಯಾಚುರಲ್ ಆಗಿ ಬಂತಲ್ವಾ ಮೇಡಂ!’ ಎನ್ನುತ್ತ ಅವರು ಹೊರಟರು. ಲಟ್ಟಣಿಗೆಯನ್ನು ಮರೆಯದೆ ತೆಗೆದುಕೊಂಡು ಹೋದರು. ಅತ್ತೆ ಡಬ್ಬಿ ಬೋರಲು ಹಾಕಿ ತಳ ಬಡಿದರು. ಹಿಟ್ಟು ನಾದುವ ಪರಾತಕ್ಕೆ ಒಂದಿಷ್ಟು ಧೂಳು ಬಿತ್ತು. ನಾನು ಮೇಘನಾಳನ್ನು ಬಯ್ದೆ, ಅವಳ ಬಿಳಿ ಅಡುಗೆಮನೆಯನ್ನು ಬಯ್ದೆ, ಮಲಗಿದ್ದ ಯಜಮಾನರನ್ನು ಎಬ್ಬಿಸಿ ಬಯ್ದು, ಹಿಟ್ಟು ತರಲು ಅಂಗಡಿಗೆ ಅಟ್ಟಿದೆ. ಅವರು ತಂದ ಪಾಕೀಟಿನ ಹಿಟ್ಟನ್ನು ಅತ್ತೆ ಬೆರಳಲ್ಲಿ ಮುಟ್ಟಿ ‘ಹಳೇ ಹಿಟ್ಟು, ಜಿಗಿ ಇಲ್ಲ’ ಎಂದರು. ಆದರೂ ನಾದಿದರು. ಶ್ರಾವಣಿ ಉಂಡೆ ಇಟ್ಟು ಬಡಿದಳು, ಅಂಚು ಸೀಳಿತು. ಕೂಡಿಸಿ ಮತ್ತೆ ಬಡಿದಳು, ನಡುವೆ ಸೀಳಿತು. ‘ಹಿಟ್ಟಿಂದ ತಪ್ಪು ನನ್ನವ್ವ, ನಿನ್ನ ಕೈದಲ್ಲ’ ಎಂದು ಅಜ್ಜಿ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಅಳಲೂ ಇಲ್ಲ. ಕೈ ತೊಳೆದುಕೊಂಡು ಹೋಗಿ ತೋರಣವನ್ನು ಗೋಡೆಗೆ ಕಟ್ಟಿದಳು. ನನಗೆ ಬಹಳ ಸಂಕಟವಾಯಿತು. ಸಂಕಟವಾದಾಗಲೂ ನನಗೆ ಬರುವುದು ಸಿಟ್ಟೇ ಆದ್ದರಿಂದ ಹಂಚನ್ನು ಗಡಗಡ ತಿಕ್ಕಿ ತೊಳೆದೆ. ಮರುದಿನ ಮುಂಜಾನೆ ಅತ್ತೆ ಖಾಲಿ ಡಬ್ಬಿ ಹಿಡಿದು ಊರಿಗೆ ಹೋದರು.

ಸೋಮವಾರ ಮಧ್ಯಾಹ್ನ ಫೋಟೊಗಳನ್ನು ತಿದ್ದಲು ಕೂತೆ. ತಿದ್ದುವುದೆಂದರೆ ಮುಖ್ಯವಾಗಿ ಅಳಿಸುವುದು. ಗ್ಯಾಸ್ ಸಿಲಿಂಡರು, ಸ್ವಿಚ್ ಬೋರ್ಡು, ಒಣಹಾಕಿದ ಪಂಚೆ, ಯಾರಿಗೂ ಇವು ಬೇಡ. ಒಮ್ಮೆ ಒಂದು ಕೂಸಿನ ಕೆನ್ನೆಯ ದೃಷ್ಟಿಬೊಟ್ಟನ್ನು ಅದರ ತಾಯಿ ಅಳಿಸಲು ಹೇಳಿದಳು. ಅಳಿಸಿ ಕಳಿಸಿದ ಮೇಲೆ ಆ ಕೂಸಿನ ಅಜ್ಜಿ ಫೋನ್ ಮಾಡಿ ‘ಬೊಟ್ಟು ಎಲ್ಲಮ್ಮಾ?’ ಎಂದು ತೆಲುಗಿನಲ್ಲಿ ಗದರಿದಳು. ಕೊನೆಗೆ ತಾಯಿಗೊಂದು, ಅಜ್ಜಿಗೊಂದು ಕಳಿಸಿ ಪಾರಾದೆ. ಈ ಕೆಲಸಕ್ಕೆ ಕೈ ಪಳಗಿದರೆ ತಲೆ ಬೇಕಾಗುವುದಿಲ್ಲ. ನಾನು ಕೈಗೆ ಕೆಲಸ ಕೊಟ್ಟು, ತಲೆಯಲ್ಲಿ ಮೇಘನಾಳನ್ನು ಬಯ್ಯುತ್ತ ಕೂತಿದ್ದೆ. ಸಂಜೆಯೊಳಗೆ ಎಲ್ಲ ಕಳಿಸಿದೆ. ‘ವಾವ್! ಎಷ್ಟು ಶಾಂತವಾಗಿದೆ!’ ಎಂದು ಉತ್ತರ ಬಂತು. ಶಾಂತವಂತೆ!

ಶಾಲೆಯಿಂದ ಬಂದ ಶ್ರಾವಣಿ ಶೇಂಗಾ ಚಿಕ್ಕಿ ಕಡಿಯುತ್ತ ಪಕ್ಕ ನಿಂತು ಒಂದೊಂದೇ ಫೋಟೊ ನೋಡಿದಳು. ಹಿಟ್ಟು ಹಾರುವ ಫೋಟೊ ಬಂದಾಗ ಪರದೆಯ ಹತ್ತಿರಕ್ಕೆ ಮುಖ ತಂದಳು. ‘ಮಮ್ಮಿ, ಈ ಬಾಗಿಲದಾಗ ನಾ ನಿಂತಿದ್ದೆ. ನಾ ಎಲ್ಲಿ?’

ಮೂಲ ಫೋಟೊ ತೆರೆದು ನೋಡಿದೆ. ಬಾಗಿಲಲ್ಲಿ ಮಬ್ಬು ಮಬ್ಬಾದ ಹಸಿರು, ಅದರ ಮುಂದೆ ಚಾಚಿದ ಎರಡು ಕೈ. ಸಿಲಿಂಡರಿನ ಜತೆ ಅದನ್ನೂ ಒರೆಸಿ ಹಾಕಿದ್ದೆ. ಒಂದರಲ್ಲಿ ಮಾತ್ರವಲ್ಲ, ಎಲ್ಲದರಲ್ಲೂ. ಒಂದು ಕ್ಷಣ ನಿಂತು ನೋಡಿದ್ದರೆ ಮಗಳೆಂದು ತಿಳಿಯುತ್ತಿತ್ತು. ನೋಡಲಿಲ್ಲ. ಇವಳನ್ನು ಸೇರಿಸಿಕೊಂಡ ಹಿಟ್ಟಿನ ಫೋಟೊ ಒಂದನ್ನು ಕೂಡಲೇ ಸಿದ್ಧಪಡಿಸಿ, ‘ಇದೇ ನಿಜವಾದದ್ದು, ಮೊದಲಿನದು ಬೇಡ’ ಎಂದು ಬರೆದು ಮೇಘನಾಳಿಗೆ ಕಳಿಸಿದೆ. ಏನೋ ದೊಡ್ಡ ನ್ಯಾಯ ಮಾಡಿದವಳಂತೆ ಮಗಳ ತಲೆ ಸವರಿದೆ. ಅವಳು ತಲೆ ಸರಿಸಿಕೊಂಡಳು.

ಉತ್ತರ ಬರಲು ತಡವಾಗಲಿಲ್ಲ. ‘ಮೇಡಂ, ಹಿಂದೆ ಬಾಗಿಲಲ್ಲಿ ಒಂದು ಮಗು ಬಂದಿದೆಯಲ್ಲ, ಅದನ್ನ ತೆಗೆಯೋಕಾಗುತ್ತಾ ಪ್ಲೀಸ್?’

ಈ ಸಲ ಮಾತ್ರ ನನ್ನ ಸಿಟ್ಟು ಹೊತ್ತಿಗೆ ಸರಿಯಾಗಿ ಬಂತು. ಒಂದು ಮಗುವಂತೆ! ಇವಳ ಮಗ ತೋರಣ ಕಿತ್ತುಕೊಂಡದ್ದು ಯಾವ ಮಗುವಿನಿಂದ? ಇವಳು ಚೆಲ್ಲಿದ ಹಿಟ್ಟು ಯಾವ ಮಗುವಿನದು? ಜನಕ್ಕೆ ಹೃದಯವೆಂಬುದು ಇದೆಯೇ? ಇದನ್ನೆಲ್ಲ ಬಾಯಿಂದ ಗಟ್ಟಿಯಾಗಿ ಹೇಳುತ್ತ, ಎರಡೂ ಹೆಬ್ಬೆರಳುಗಳಿಂದ ಟೈಪ್ ಮಾಡುತ್ತ ಹೋದೆ. ಪರದೆ ತುಂಬಿ ಮೇಲಕ್ಕೆ ಸರಿಯಿತು. ಆಗಷ್ಟೇ ಕೆಲಸದಿಂದ ಬಂದು ಒರಗಿದ್ದ ಯಜಮಾನರು ಸೋಫಾದಿಂದ ಎದ್ದು ಕೂತರು. ಇನ್ನೇನು ಕಳಿಸಬೇಕು, ಫೋನಿನಲ್ಲಿ ಇಣುಕಿ ಓದುತ್ತಿದ್ದ ಶ್ರಾವಣಿ ಚಿಕ್ಕಿ ನುಂಗಿ, ಬಾಯಿ ಒರೆಸಿಕೊಂಡು ಹೇಳಿದಳು:

‘ಆಂಟಿ ಪಾಪ, ತಗೀತೀರೇನು ಅಂತ ಕೇಳ್ಯಾರ ಮಮ್ಮಿ. ನೀ ಕೇಳದ ತಗದಿದ್ದಿ.’

ಬರೆದದ್ದನ್ನೆಲ್ಲ ಅಳಿಸಿದೆ. ಬಹಳ ಹೊತ್ತೇನೂ ಹಿಡಿಯಲಿಲ್ಲ, ಆ ಕೆಲಸದಲ್ಲಿ ನನ್ನ ಕೈ ಚುರುಕು.