ನಡೆದು ಹೋಗಿ ಕೊಟ್ಟ ರಕ್ತ

ಶಹಭಾಸ್ ಎನ್ನಿಸಿಕೊಳ್ಳುವ ಚಪಲ ವಯಸ್ಸಾದಂತೆ ಇಳಿಯುತ್ತದೆ ಎಂದುಕೊಂಡಿದ್ದೆ. ಅರವತ್ತು ದಾಟಿದ ಮೇಲೆ ಗೊತ್ತಾಯಿತು, ಚಪಲ ಹಾಗೇ ಇರುತ್ತದೆ, ಶಹಭಾಸ್ ಎನ್ನಬೇಕಾದವರು ಬದಲಾಗುತ್ತಾರೆ. ಕೆಲಸದಲ್ಲಿದ್ದಾಗ ಶಾಲೆಯ ಇನ್‌ಸ್ಪೆಕ್ಟರು. ಈಗ ಹೃದಯದ ಡಾಕ್ಟರು.

ಹೋದ ವರ್ಷ ನನ್ನ ರಕ್ತನಾಳವೊಂದು ಕಟ್ಟಿಕೊಂಡು, ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಸಾಲಿಗ್ರಾಮಕ್ಕೆ ಮರಳಿದೆ. ಕೆ.ಆರ್. ನಗರದ ಡಾಕ್ಟರಮ್ಮ ದಿನಾ ಅರ್ಧ ಗಂಟೆ ನಡೆಯಲು ಹೇಳಿದರು. ಹೃದಯದ ಕಾಯಿಲೆಯವರಲ್ಲಿ ಬಿಳಿ ರಕ್ತಕಣಗಳು ಸದಾ ಕೆರಳಿಕೊಂಡಿದ್ದರೆ ರಕ್ತನಾಳಕ್ಕೆ ತೊಂದರೆಯಂತೆ. ತಿಂಗಳುಗಟ್ಟಲೆ ತಪ್ಪದೆ ನಡೆದರೆ ಅವು ತಣ್ಣಗಾಗುವುದುಂಟಂತೆ. ಅಂದಿನಿಂದ ನಾಲೆ ಏರಿಯ ಮೇಲಿನ ನಡಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಬಂದರೆ ಹಜಾರದಲ್ಲೇ ಗೋಡೆಯಿಂದ ಗೋಡೆಗೆ ನಡೆದೆ. ಗದ್ದೆಗೆ ಹೊರಟ ಯಜಮಾನರು ಸ್ಕೂಟರು ನಿಲ್ಲಿಸಿ ಕರೆದರೂ ಹತ್ತಲಿಲ್ಲ.

ಆರು ತಿಂಗಳಿಗೆ ರಕ್ತ ಪರೀಕ್ಷೆ ಬಂತು. ನನ್ನ ಸಾಧನೆಯೆಲ್ಲ ರಕ್ತದಲ್ಲಿ ಎದ್ದು ಕಾಣಲಿ ಎಂದು ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು, ಬಿರಬಿರನೆ ನಡೆದು, ಲ್ಯಾಬಿನ ಎರಡು ಮಹಡಿ ಹತ್ತಿ, ಏದುಸಿರು ಆರುವ ಮೊದಲೇ ತೋಳು ಚಾಚಿದೆ.

ಸಂಜೆ ಮೊಬೈಲಿಗೆ ವರದಿ ಬಂದಾಗ ಬಿಳಿ ಕಣಗಳು ಇರಬೇಕಾದ್ದಕ್ಕಿಂತ ಹೆಚ್ಚಿದ್ದವು. ನಮ್ಮ ಜೊತೆಯಲ್ಲೇ ಇರುವ ಅತ್ತಿಗೆ ಪುಟ್ಟಮ್ಮನವರು ಇದು ಒಳಗಿನ ನಂಜೇ ಎಂದು ತೀರ್ಮಾನಿಸಿ ಅಮೃತಬಳ್ಳಿ ಕಷಾಯಕ್ಕೆ ನೀರಿಟ್ಟರು. ನಾನು ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಂಡೆ. ಜ್ವರವಿರಲಿಲ್ಲ, ಭಯವಿತ್ತು. ಮಾತು ಕಡಿಮೆಯ ಯಜಮಾನರು ಪಕ್ಕದಲ್ಲಿ ಬಂದು ಕೂತರು.

"ನಡ್ದಿದ್ದು ಸಾಕು ಬುಡು ಕಣೆ. ನಿಂಗೇನಾರ ಆದ್ರೆ ನಾ ಯಾರ್ ಜೊತೆ ಜಗಳ ಆಡ್ಲಿ?"

ಆದರೂ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಏರಿಗೆ ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿದರೆ, ಅವರು ಸ್ಕೂಟರು ತಳ್ಳಿಕೊಂಡು ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹಿಂದೆ ಬರುತ್ತಿದ್ದರು.

ವರದಿ ಹಿಡಿದು ಇಬ್ಬರೂ ಹೋದಾಗ ಡಾಕ್ಟರಮ್ಮ ಜ್ವರ, ಕೆಮ್ಮು ಎಲ್ಲ ವಿಚಾರಿಸಿ, ಕೊನೆಗೆ ರಕ್ತ ಕೊಡುವ ಮೊದಲು ಏನು ಮಾಡಿದಿರಿ ಎಂದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಮೈ ದಣಿದಾಗ ರಕ್ತನಾಳದ ಗೋಡೆಗೆ ಅಂಟಿಕೊಂಡ ಬಿಳಿ ಕಣಗಳು ಸಡಿಲಗೊಂಡು ಹರಿಯುವ ರಕ್ತಕ್ಕೆ ಸೇರುತ್ತವಂತೆ. ಆಗ ಎಣಿಸಿದರೆ ಲೆಕ್ಕ ಜಾಸ್ತಿ, ದಣಿವಾರಿದ ಮೇಲೆ ಮತ್ತೆ ಇಳಿಯುತ್ತದಂತೆ. ಖಾತ್ರಿಗೆ ಇನ್ನೊಮ್ಮೆ ನೋಡೋಣ ಎಂದರು. ಹಾಗಾದರೆ ನಡಿಗೆ ನಿಲ್ಲಿಸಬೇಕೇ ಎಂದು ಯಜಮಾನರು ನನಗಿಂತ ಮೊದಲೇ ಕೇಳಿದರು.

"ನಿಲ್ಲಿಸ್ಬೇಡಿ. ರಕ್ತ ಕೊಡೋ ಮುಂಚೆ ಮಾತ್ರ ಅರ್ಧ ಗಂಟೆ ಸುಮ್ನೆ ಕೂತಿರಿ."

ಮುಂದಿನ ವಾರ ಲ್ಯಾಬಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ರಕ್ತ ಕೊಟ್ಟೆ. ಲೆಕ್ಕ ಸರಿಯಾಗಿಯೇ ಬಂತು. ಆದರೆ ಆ ಅರ್ಧ ಗಂಟೆ ಕೂತಿದ್ದೆನೇ ಹೊರತು ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತರೊಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಿಗೂ ಸ್ಟೆಂಟ್ ಹಾಕಿದೆ ಎಂದು ತಿಳಿದದ್ದೇ ತಡ, ನಡಿಗೆಯ ಮಹಿಮೆಯನ್ನು ಮನಮುಟ್ಟುವಂತೆ ಹೇಳಿದೆ. ಅವರ ಹೆಸರು ಕೂಗಿದಾಗ ನನ್ನ ಪಕ್ಕದ ಜಾಗ ಖಾಲಿಯಿತ್ತು. ರೈತರು ಎರಡನೇ ಸಲ ಮೆಟ್ಟಿಲಿಳಿದು, ಬೆವರುತ್ತಾ ಹತ್ತಿ ಬರುತ್ತಿದ್ದರು. ಇದನ್ನು ಯಾರು ಹೇಳಿಕೊಟ್ಟಿದ್ದು ಎಂದು ಲ್ಯಾಬಿನಾಕೆ ಗದರಿದಳು. ಅವರು ಬೆರಳು ತೋರಿಸುವ ಮೊದಲೇ ನಾನು ಸೆರಗು ಹೊದ್ದು, ಕಿಟಕಿಯಾಚೆ ಬಸ್ಸು ನೋಡತೊಡಗಿದೆ.