ನಾಲ್ಕು ಗಂಟೆಯಲ್ಲಿ ನಾಲ್ಕು ತಾಲ್ಲೂಕು

ಮೂರು ಸಂಬಂಧಗಳು ಒಂದೇ ಮಾತಿಗೆ ಮುರಿದುಬಿದ್ದಿದ್ದವು. ಮೂವರು ಹುಡುಗಿಯರ ತಾಯಂದಿರೂ ಮೊದಲೇ ಮಾತಾಡಿಕೊಂಡವರ ಹಾಗೆ, "ಹುಡುಗ ಚಿನ್ನದಂಥವನು, ಆದರೆ ಚನ್ನಪಟ್ಟಣದಲ್ಲಿ ಏನಿದೆ? ಬೆಂಗಳೂರಾಗಿದ್ದರೆ ಕೊಡಬಹುದಿತ್ತು" ಎಂದು ಎದ್ದುಹೋಗಿದ್ದರು. ಮಗ ಮನೋಹರ್ ಹಾಲಿನ ಡೇರಿಯ ಕೆಲಸಕ್ಕೆ ಹೋಗಿಬರುತ್ತ ಸುಮ್ಮನಿದ್ದ. ಉರಿ ಹತ್ತಿದ್ದು ಅವನ ಅಪ್ಪ ರಾಮಲಿಂಗಯ್ಯನವರಿಗೆ. ಚನ್ನಪಟ್ಟಣದಲ್ಲಿ ಏನಿದೆಯಂತೆ! ಮೂವತ್ತಾರು ವರ್ಷ ಬಸ್ಸಿನ ಕಂಡಕ್ಟರಾಗಿ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ನಾಲ್ಕನ್ನೂ ಅಂಗೈ ಮೇಲೆ ಆಡಿಸಿದ ಮಹಾನುಭಾವರು ಅವರು. (ಆಡಿಸಿದ್ದು ಡ್ರೈವರ್ ತಾಜ್ ಪಾಷಾ, ಇವರು ಸೀಟಿ ಊದಿದ್ದು. ಇರಲಿ.)

ನಾಲ್ಕನೆಯ ಸಂಬಂಧ ಅರಸೀಕೆರೆಯ ಕಡೆಯದು. ಹುಡುಗಿ ಭಾನುಪ್ರಿಯ ಒಪ್ಪಿದ್ದಳು. ಅವಳ ತಂದೆ ನಟರಾಜು, ತಾಯಿ ಲತಾಮಣಿ ಭಾನುವಾರ ಗಂಡಿನ ಮನೆ ನೋಡಲು ಬರುವವರಿದ್ದರು. ಹತ್ತು ಗಂಟೆಗೆ ಬಂದು, ಊಟ ಮುಗಿಸಿ, ರಾಹುಕಾಲಕ್ಕೆ ಮುಂಚೆ ಹೊರಡುವುದು ಎಂದು ಮಾತಾಗಿತ್ತು.

"ಊಟಕ್ಕೆ ಮುಂಚೆ ನಾಲ್ಕು ಗಂಟೆ ಸಿಕ್ತದೆ. ನಾಲ್ಕು ತಾಲ್ಲೂಕು. ಗಂಟೆಗೊಂದು!" ಎಂದು ರಾಮಲಿಂಗಯ್ಯನವರು ಘೋಷಿಸಿದರು.

ಹೆಂಡತಿ ಚಿಕ್ಕಲಕ್ಷ್ಮಮ್ಮ ಅವರೆಕಾಳು ಹಿಸುಕುತ್ತಿದ್ದವರು ತಲೆ ಎತ್ತಲಿಲ್ಲ. "ಒಂದು ಜಾಗಕ್ಕೆ ಕರ್ಕೊಂಡೋಗಿ, ಒಸಿ ಹೊತ್ತು ಕೂರ್ಸಿ, ಕಾಪಿ ಕುಡ್ಸಿ ಕರ್ಕೊಂಡ್ಬನ್ನಿ. ಸಾಕು."

"ನಲವತ್ತು ವರ್ಸ ಒಲೆ ಮುಂದೆ ಕೂತವ್ಳಿಗೆ ಊರಿನ ಇಸ್ಯ ಏನ್ ಗೊತ್ತಾದದು? ನೀನು ಮುದ್ದೆ ಕಟ್ಟು. ನಾನು ಊರು ಕಟ್ತೀನಿ."

"ಕಟ್ಟಿ, ಕಟ್ಟಿ. ಕೆಂಪೇಗೌಡ್ರು ಕಟ್ಟಿ ಏನಾರ ಮಿಕ್ಸಿದ್ರೆ."

ಭಾನುವಾರ ಬೀಗರು ಕಾಫಿ ಲೋಟ ಕೆಳಗಿಡುವ ಮೊದಲೇ ಬಾಗಿಲಲ್ಲಿ ತಾಜ್ ಪಾಷಾನ ವ್ಯಾನು ಗುರುಗುಟ್ಟುತ್ತಿತ್ತು. ಪಾಷಾ ಈಗ ಪಕ್ಕದ ಮನೆಯವನು. ಗಾಡಿ ಬದಲಾದರೂ ಜೋಡಿ ಬದಲಾಗಿರಲಿಲ್ಲ. ರಾಮಲಿಂಗಯ್ಯನವರು ಬಾಗಿಲ ಪಕ್ಕದಲ್ಲೇ ಕೂತು ಬಾಗಿಲನ್ನು ಎರಡು ಸಲ ಬಡಿದರು. "ರೈಟ್!"

ಮೊದಲು ಬೊಂಬೆ ಮಾಡುವ ಸಾಬೀರನ ಕಾರ್ಖಾನೆ. ಗರಗರ ತಿರುಗುವ ಮರದ ತುಂಡಿಗೆ ಸಾಬೀರ್ ಹಳದಿ ಅರಗಿನ ಕಡ್ಡಿ ಒತ್ತಿ ಹಿಡಿದ. ಬಿಸಿಗೆ ಅರಗು ಕರಗಿ, ಬಿಳಿಯ ಮರ ನೋಡನೋಡುತ್ತ ಬಂಗಾರದ ಬಣ್ಣಕ್ಕೆ ಬಂತು. ಮೇಲೆ ಒಣಗಿದ ಕೇದಗೆ ಗರಿಯಿಂದ ಒಂದು ಸಲ ಉಜ್ಜಿದ. ಮುಖ ಕಾಣುವ ಹೊಳಪು! ಲತಾಮಣಿ ಕೆನ್ನೆಗೆ ಕೈ ಇಟ್ಟುಕೊಂಡು ನಿಂತುಬಿಟ್ಟರು. "ನೋಡ್ರೀ, ಮದುಮಗಳಿಗೆ ಅರಿಶಿನ ಹಚ್ಚಿದ ಹಾಗಿದೆ!"

ಅಷ್ಟರಲ್ಲಿ ಹಿಂದಿನಿಂದ ಪೀಪ್ ಎಂದು ಸೀಟಿ. "ಟೈಮಾಯ್ತು, ಹತ್ಕಳಿ ಹತ್ಕಳಿ!"

"ಅಣ್ಣ, ಬೊಂಬೆ ಇನ್ನೂ ಮುಗ್ದಿಲ್ಲ!" ಎಂದ ಸಾಬೀರ್.

"ಅದು ಮುಂದಿನ್ ಗಾಡೀಲಿ ಬರ್ಲಿ!"

ರಾಮನಗರದ ಬಂಡೆಗಳು ಕಂಡವು. ಭೀಮಸೇನ ಊಟಕ್ಕೆ ಕೂತು ಅರ್ಧಕ್ಕೆ ಎದ್ದುಹೋದ ಹಾಗೆ, ಆಕಾಶದಡಿಯಲ್ಲಿ ಮುದ್ದೆ ಮೇಲೆ ಮುದ್ದೆ. ನಟರಾಜು ಹತ್ತೋಣ ಎಂದರು. "ಬೆಟ್ಟ ಕೆಳಗಿಂದ್ಲೇ ಚೆಂದ" ಎಂದು ರಾಮಲಿಂಗಯ್ಯನವರು ತಡೆದರು. ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆಯನ್ನು ಕಿಟಕಿಯಿಂದಲೇ ತೋರಿಸಿದರು. ಆಮೇಲೆ ಎರಡು ಕೈಯನ್ನೂ ಚಾಚಿ, "ಇತ್ಲಾಗೆ ಮಾಗಡಿ, ಕೆಂಪೇಗೌಡ್ರ ಸಮಾಧಿ ಇರೋ ಕೆಂಪಾಪುರ. ಅತ್ಲಾಗೆ ಕನಕಪುರ. ಆಯ್ತು, ನೋಡ್ದಂಗೇಯ" ಎಂದು ಎರಡು ತಾಲ್ಲೂಕನ್ನು ಅರ್ಧ ನಿಮಿಷದಲ್ಲಿ ಮುಗಿಸಿದರು.

ಪಾಷಾ ಕನ್ನಡಿಯಲ್ಲಿ ನೋಡುತ್ತ ಕೇಳಿದ: "ಅಣ್ಣ, ಮೂವತ್ತಾರು ವರ್ಸದಲ್ಲಿ ಈ ಬೆಟ್ಟನ ಒಂದ್ಸಲನಾದ್ರೂ ಹತ್ತಿದ್ದೀಯಾ?"

"ಹತ್ತೋದು ಇಳ್ಯೋದು ಪ್ಯಾಸೆಂಜರು ಕಣ್ಲಾ. ಕಂಡಕ್ಟರ್ ಇಳಿಯಂಗಿಲ್ಲ."

ನಿಜವೇ. ಎಲ್ಲ ಊರಿನ ಹೆಸರನ್ನೂ ಕೂಗಿ ಜನರನ್ನು ಇಳಿಸಿದವರು, ತಾವು ಎಲ್ಲಿಯೂ ಇಳಿದವರಲ್ಲ.

ಕೊನೆಗೆ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನ. ಒಳಗೆ ಜನವೋ ಜನ. ಕೈಯಲ್ಲಿ ಉಳಿದದ್ದು ಹತ್ತು ನಿಮಿಷ. ಆಗ ರಾಮಲಿಂಗಯ್ಯನವರ ಅನುಭವಿ ಕಣ್ಣಿಗೆ ಒಂದು ದೃಶ್ಯ ಬಿತ್ತು. ಒಂದು ಕಡೆ ಜನ ನಿಂತಿದ್ದಾರೆ. ಇನ್ನೊಂದು ಕಡೆ, ಅಂಬೆಗಾಲು ಕೃಷ್ಣನ ಎದುರಿಗೆ, ಹತ್ತಾರು ಮಂದಿ ಸಾಲಾಗಿ ಕೂತಿದ್ದಾರೆ; ಕೊನೆಯಲ್ಲಿ ಜಾಗ ಖಾಲಿ! ಸೀಟಿದ್ದರೆ ಯಾರು ನಿಂತು ಹೋಗುತ್ತಾರೆ? ಸರಕ್ಕನೆ ಹೋಗಿ ಕೂತು, "ಬನ್ನಿ ಬೀಗರೇ!" ಎಂದು ಕರೆದರು. ನಟರಾಜು ಕೂರಲು ಬಗ್ಗಿದರು. ಸಾಲನ್ನು ಒಂದು ಸಲ ನೋಡಿದ ಲತಾಮಣಿ ಗಂಡನ ಪಂಚೆ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ತಟ್ಟೆ ಹಿಡಿದು ಬಂದ ಅರ್ಚಕರು ಕೇಳಿದರು. "ಹೆಸರು?"

"ರಾಮಲಿಂಗಯ್ಯ."

"ಮನೆಯವರದು?"

"ಚಿಕ್ಕಲಕ್ಷ್ಮಮ್ಮ. ಮನೇಲವ್ಳೆ, ಮುದ್ದೆ ಕಟ್ತಾವ್ಳೆ."

ಮಂತ್ರ ಗಂಗೆಯಂತೆ ಹರಿಯಿತು. ತಮ್ಮ ಹೆಸರು ಸಂಸ್ಕೃತದ ನಡುವೆ ಮೆರೆಯುವುದನ್ನು ಕೇಳಿ ಪುಳಕಗೊಂಡ ರಾಮಲಿಂಗಯ್ಯನವರು ಬೀಗರ ಕಡೆ ತಿರುಗಿ, ನೋಡಿದಿರಾ ನಮ್ಮ ವರ್ಚಸ್ಸು, ಎಂದು ಹುಬ್ಬು ಹಾರಿಸಿದರು. ಅರ್ಚಕರು ಎಲೆಯಲ್ಲಿ ಬೆಣ್ಣೆ ಕೊಟ್ಟು, ಸಾಲಿನವರಿಗೆಲ್ಲ ಹೇಳುವ ಮಾತನ್ನು ಇವರಿಗೂ ಹೇಳಿದರು. "ಗಂಡ ಹೆಂಡತಿ ಇಬ್ಬರೂ ತಿನ್ನಿ. ಮಗು ಆದಮೇಲೆ ಎತ್ತಿಕೊಂಡು ಬಂದು ತೊಟ್ಟಿಲು ಕಟ್ಟಿ."

"ಖಂಡಿತ ಬತ್ತೀವಿ ಸ್ವಾಮಿ!" ಬಾಯಿ ಅಭ್ಯಾಸಬಲದಿಂದ ಕೂಗಿಬಿಟ್ಟಿತು. ಕಿವಿಗೆ ಅರ್ಥ ತಲುಪಿದ್ದು ಆಮೇಲೆ.

ಮೆಲ್ಲಗೆ ಕತ್ತು ಹೊರಳಿಸಿದರು. ಸಾಲಿನಲ್ಲಿ ಇದ್ದವರೆಲ್ಲ ಹೊಸದಾಗಿ ಮದುವೆಯಾದ ಜೋಡಿಗಳು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮಕ್ಕಳಾಗಲೆಂದು ಬೇಡಿಕೊಳ್ಳುವವರು ಕೂರುವ ಜಾಗ ಅದೆಂದು ಸುತ್ತಮುತ್ತಲ ಸೀಮೆಗೆಲ್ಲ ಗೊತ್ತು; ಅವರನ್ನೆಲ್ಲ ತಂದು ಇಳಿಸಿದ ಕಂಡಕ್ಟರಿಗೆ ಮಾತ್ರ ಗೊತ್ತಿರಲಿಲ್ಲ.

ವ್ಯಾನು ಹತ್ತುವಾಗ ನಟರಾಜು ಗಂಭೀರವಾಗಿ ಕೇಳಿದರು. "ಬೀಗರೇ, ಒಬ್ಬನೇ ಮಗ ಅಂದಿದ್ರಲ್ಲ?"

ಪಾಷಾ ಸ್ಟೀರಿಂಗಿನ ಮೇಲೆ ತಲೆ ಇಟ್ಟು ನಕ್ಕ. ನಕ್ಕಿದ್ದು ಸಾಲದೆಂದು ಮನೆಗೆ ಫೋನು ಮಾಡಿ ಹೆಂಡತಿ ಮುನ್ನೀಗೂ ಹೇಳಿದ. ಲತಾಮಣಿ ಮಾತ್ರ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ರಾಮಲಿಂಗಯ್ಯನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಾಲ್ಕನೆಯದೂ ಹೋಯಿತು, ಈ ಸಲ ಊರಿನದಲ್ಲ, ತಮ್ಮದೇ ತಪ್ಪು.

ಮನೆ ತಲುಪುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು. ಜಗಲಿ ಮೇಲೆ ಹೆಂಗಸರು ಕೂತಿದ್ದರು. ಚಿಕ್ಕಲಕ್ಷ್ಮಮ್ಮ ಬೆಣ್ಣೆ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು, ಗಂಡನ ಕೈಗೆ ನೀರಿನ ಚೊಂಬು ಕೊಟ್ಟರು. "ದಣ್ದಿದ್ದೀರಿ, ಕೈ ತೊಳ್ಕಂಡು ಕೂತ್ಕಳಿ." ಅಷ್ಟೆ. ಬಿಸಿಮುದ್ದೆ, ಹಿತಕಿದ ಅವರೆಕಾಳಿನ ಸಾರು ಬಡಿಸಿದರು. ಮೊದಲ ಮುದ್ದೆಯನ್ನು ಗಂಡನಿಗೇ ಬಡಿಸಿ, ತುಪ್ಪವನ್ನೂ ಒಂದು ಚಮಚ ಹೆಚ್ಚೇ ಹಾಕಿದರು.

ಊಟವಾದ ಮೇಲೆ ಲತಾಮಣಿ ಎದ್ದು ಅಡಿಗೆಮನೆಗೆ ಹೋದರು. ಒಳಗೆ ಪಿಸಪಿಸ. ಆಮೇಲೆ ಪಾತ್ರೆ ಬಿದ್ದಂತೆ ಇಬ್ಬರ ನಗು. ಹೊರಗೆ ಬಂದವರೇ ಲತಾಮಣಿ ಗಂಡನಿಗೆ, "ತಾಂಬೂಲ ತಗೊಳ್ಳಿ. ಹುಡುಗೀನ ಕೊಡ್ತಿದ್ದೀವಿ" ಎಂದರು.

ರಾಮಲಿಂಗಯ್ಯನವರ ಎದೆ ಉಬ್ಬಿತು. "ನಾನಂದಿಲ್ವಾ? ಊರು ನೋಡಿದ್ ಮೇಲೆ ಯಾರ್ ಬುಡ್ತಾರೆ?"

"ಊರು ಚೆನ್ನಾಗಿದೆ, ನಿಲ್ಲಿಸಿದ್ರೆ ಇನ್ನೂ ನೋಡ್ತಿದ್ವಿ" ಎಂದರು ಲತಾಮಣಿ. "ಆದ್ರೆ ಬೀಗರೇ, ಬೀದಿಯೆಲ್ಲ ನಗೋ ಕೆಲಸ ಮಾಡ್ಕೊಂಡು ಬಂದ ಗಂಡನಿಗೆ ಒಂದು ಮಾತೂ ಅನ್ನದೆ ತುಪ್ಪ ಬಡಿಸಿದ್ರಲ್ಲ ಇವ್ರು, ಇಂಥ ಅತ್ತೆ ನನ್ನ ಮಗಳಿಗೆ ಬೆಂಗಳೂರಲ್ಲಿ ಸಿಗ್ತಾರಾ?"

ರಾಮಲಿಂಗಯ್ಯನವರು ಕರಗಿಹೋದರು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ನಿಜವಾಗ್ಲೂ ಒಸಿನೂ ಕೋಪ ಇಲ್ವೇನೇ?" ಎಂದರು.

"ಕೋಪ ಯಾಕೆ? ಬೆಣ್ಣೇನೂ ತಿಂದೆ" ಎಂದರು ಚಿಕ್ಕಲಕ್ಷ್ಮಮ್ಮ, ವೀಳ್ಯದೆಲೆ ಒರೆಸುತ್ತ. "ಮನೋಹರನ್ನ ನಾನು ಬೇಡ್ಕೊಂಡಿದ್ದೆ, ನಾನು ಹೆತ್ತೆ. ಇದನ್ನ ನೀವು ಬೇಡ್ಕೊಂಡಿದ್ದೀರಿ. ನೀವೇ ಹೆರಿ."

ಮುನ್ನೀ ಒಂದು ತಟ್ಟೆ ತಂದು ರಾಮಲಿಂಗಯ್ಯನವರ ಮುಂದಿಟ್ಟಳು. ಉಪ್ಪುಖಾರ ಹಚ್ಚಿದ ಹುಳಿ ಮಾವಿನಕಾಯಿ. ಬೀಗರ ಮುಂದೆ ಬೇಡವೆನ್ನಲಾರದೆ ಅವರು ಒಂದು ಹೋಳು ಬಾಯಿಗೆ ಇಟ್ಟರು.

"ಹೆಂಗೈತಣ್ಣ?" ಎಂದ ಪಾಷಾ. "ಇನ್ನೊಂದು ಬೇಕು ಅನ್ಸ್ತಾ ಐತಾ?"